ತ್ಯಾಪಿಯ ಅಂಚು

ಬೆಟಗೇರಿ
10 ಜೂನ್ 2024

ನೇತ್ರಾ,

ಇಷ್ಟು ವರ್ಷದ ಮ್ಯಾಲೆ ನನ್ನ ಅಕ್ಷರ ನಿನಗ ಗುರುತು ಸಿಗತೈತೋ ಇಲ್ಲೋ. ನಾನು ಶಾಹಿಸ್ತಾ. ಪಿಯುಸಿತನಕ ನಿನ್ನ ಬಾಜೂಕ ಕುಂತಾಕಿ. ಚೆನ್ನೈದ ವಿಳಾಸ ನಿಮ್ಮ ಅವ್ವ ಕಸ್ತೂರೆವ್ವಾರು ಕೊಟ್ರು. ಫೋನ್ ನಂಬರೂ ಕೊಟ್ರು. ಆದ್ರ ನಮ್ಮದು ಎರಡು ಖೋಲಿ ಮನಿ, ಯಾವ ಮೂಲ್ಯಾಗ ನಿಂತು ಮಾತಾಡಿದ್ರೂ ಇವರಿಗೆ ಕೇಳಸ್ತೈತಿ. ಅದಕ್ಕ ಅಂಗನವಾಡ್ಯಾಗ ಹುಡುಗರು ಮಲಗಿದಾಗ ಬರಿಯಾಕತ್ತೀನಿ.

ಇವರು ಅಂದ್ರ ನನ್ನ ಗಂಡ, ರಫೀಕ. ನಿಕಾಕ್ಕ ನೀ ಬಂದಿದ್ದಿಲ್ಲ, ಹಂಗಾಗಿ ನೋಡಿಲ್ಲ. ಮುಂಡರಗಿ ಕಡೆ ಗುಡ್ಡದ ಮ್ಯಾಲೆ ಕರೆಂಟ್ ಮಾಡೋ ಗಾಳಿ ಫ್ಯಾನ್ ನಿಂತಾವಲ್ಲ, ಅವುಗಳ ರೆಕ್ಕಿ ರಿಪೇರಿ ಇವರ ಕೆಲಸ. ಮ್ಯಾಲಿಂದ ಹಗ್ಗದಾಗ ಇಳೀತಾರ. ರೆಕ್ಕಿ ಎಲ್ಲಿ ಬಿರುಕು ಬಿಟ್ಟಿರತೈತೋ ಅಲ್ಲಿ ತಿಕ್ಕಿ, ಗಾಜಿನ ನೂಲಿನ ಬಟ್ಟಿ ಇಟ್ಟು, ರೆಸಿನ್ ಅನ್ನೋ ಅಂಟು ಬಳದು ತ್ಯಾಪಿ ಹಚ್ಚತಾರ. ಹಚ್ಚತಿದ್ರು ಅಂತ ಬರೀಬೇಕೇನೋ.

ಫೆಬ್ರುವರಿಯೊಳಗ ಒಂದು ರೆಕ್ಕಿಗೆ ತ್ಯಾಪಿ ಹಚ್ಚಿದ್ರು. ಮೇ ತಿಂಗಳದಾಗ ಒಂದು ದಿನ ಜೋರು ಗಾಳಿ ಎದ್ದಾಗ ಆ ರೆಕ್ಕಿ ಮುರದು ಬಿತ್ತು. ಕೆಳಗ ಕಾವಲಿಗಿದ್ದ ಅಂದಾನಪ್ಪ ಅನ್ನೋರ ಮ್ಯಾಲೆ ಬಿತ್ತು. ಅಲ್ಲೇ ಗುಡ್ಡದ ಬುಡಕಿನ ಹರ್ತಿ ಊರಿನವರು. ದವಾಖಾನಿಗೆ ಒಯ್ಯೋ ಪ್ರಸಂಗನೂ ಬರಲಿಲ್ಲ. ಇವರು ಅವತ್ತು ಬಾಜೂ ಕಂಬದ ಕೆಲಸಕ್ಕಿದ್ರು.

ತ್ಯಾಪಿ ಸರಿ ಕೂತಿದ್ದಿಲ್ಲ, ಅದಕ್ಕ ಮುರೀತು ಅಂತ ಕಂಪನಿಯವರು ಹೇಳಿದ್ರು. ಬಾಯಿಮಾತಿಲೆ ಹೇಳಿದ್ರು, ಅಷ್ಟ. ಅವತ್ತಿನಿಂದ ಇವರನ್ನ ಕೆಲಸಕ್ಕ ಕರದಿಲ್ಲ. ಇವರೂ ಅದನ್ನ ಒಪ್ಪಿಕೊಂಡಾರ. ಯಾರ ಮುಂದೂ ಬಾಯಿ ಬಿಟ್ಟು ಹೇಳಿಲ್ಲ, ಆದ್ರ ನನಗ ಗೊತ್ತು. ಬಾಗಲ ಹತ್ರ ಗ್ವಾಡಿಗೆ ಬೆನ್ನು ಕೊಟ್ಟು ಕುಂಡ್ರತಾರ. ಕೇಳಿದ್ರ ಹೂಂ ಅಂತಾರ. ಮನಿ ಫ್ಯಾನ್ ಹಚ್ಚಿದ್ರ ಎದ್ದು ಬಂದ್ ಮಾಡ್ತಾರ. ಈ ಸೆಕಿಯೊಳಗ ನಾವೆಲ್ಲಾ ಹಂಗ ಮಲಗತೀವಿ. ನಮ್ಮ ಅತ್ತಿ ಅಮೀನಬಿ, ಲಕ್ಷ್ಮೇಶ್ವರದಾಗ ನನ್ನ ಅಣ್ಣ ಶಫೀಕನ ಅಂಗಡ್ಯಾಗ ಹೋಗಿ ಕುಂಡ್ರಲಿ ಅಂತಾರ. ಅದಕ್ಕೂ ಹೂಂ ಅಂದಾರ. ಹೋಗಿಲ್ಲ.

ನಾನೂ ಅತ್ತಿಲ್ಲ ನೇತ್ರಾ. ಯಾಕೋ ಬರವಲ್ದು. ಅಡಿಗಿ ಮಾಡ್ತೀನಿ, ಅಂಗನವಾಡಿಗೆ ಬರ್ತೀನಿ.

ವಸ್ತು ಹೆಂಗ ಮುರೀತಾವ ಅಂತ ನೀ ಕಾಲೇಜಿನ್ಯಾಗ ಕಲಸ್ತೀಯಂತ ನಿಮ್ಮ ಅವ್ವ ಹೇಳಿದ್ರು. ನನಗ ಒಂದ ಗೊತ್ತಾಗಬೇಕು. ಇವರು ಹಚ್ಚಿದ್ದು ಹರದೈತೋ ಇಲ್ಲೋ.

ಉತ್ತರ ಅಂಗನವಾಡಿ ವಿಳಾಸಕ್ಕ ಹಾಕು. ಮನಿಗೆ ಬ್ಯಾಡ.

ನಿನ್ನ
ಶಾಹಿಸ್ತಾ

ಚೆನ್ನೈ
21 ಜೂನ್ 2024

ಪ್ರೀತಿಯ ಶಾಹಿಸ್ತಾ,

ಅಕ್ಷರ ಗುರುತು ಸಿಕ್ತು. ಲಕೋಟಿ ಮ್ಯಾಲಿನ ‘ನ’ ನೋಡಿದ ಕೂಡ್ಲೆ ಸಿಕ್ತು.

ಸುದ್ದಿ ಓದಿ ಏನು ಬರೀಬೇಕು ಅಂತ ತಿಳೀಲಿಲ್ಲ. ಅಂದಾನಪ್ಪನವರ ಮನಿಯೊಳಗ ಯಾರ್ಯಾರು ಅದಾರ? ನೀ ಬರದಿಲ್ಲ.

ಮದಲ ಒಂದು ಮಾತು ಸ್ಪಷ್ಟ ಮಾಡ್ತೀನಿ. ಅವ್ವ ಹೇಳಿದ್ದು ಅರ್ಧ ಸರಿ. ವಸ್ತು ಯಾವಾಗ ಮುರೀತೈತಿ ಅನ್ನೋದು ನನ್ನ ಕೆಲಸ ಅಲ್ಲ. ಮುರಿಯೋದಕ್ಕಿಂತ ಮದಲ ಅದು ಎಷ್ಟು ಬಾಗತೈತಿ, ಬಿಟ್ರ ಹೆಂಗ ತಿರುಗಿ ಮದಲಿನಂಗ ಆಗತೈತಿ ಅನ್ನೋ ಲೆಕ್ಕ ನನ್ನದು. ಹತ್ತನೇ ಕ್ಲಾಸಿನ ವಿಜ್ಞಾನದಾಗ ಸ್ಥಿತಿಸ್ಥಾಪಕತ್ವ ಅಂತ ಬಾಯಿಪಾಠ ಮಾಡಿದ್ವಲ್ಲ, ಅದ.

ರೆಕ್ಕಿ ಒಂದ ವಸ್ತು ಅಲ್ಲ. ಗಾಜಿನ ನೂಲು ಬಾಳ ಬಿಗಿ, ಅದರ ಸುತ್ತ ಇರೋ ರೆಸಿನ್ ಮೆತ್ತಗ. ಎರಡೂ ಕೂಡಿದಾಗ ಬರೋ ಗುಣ ಅದರದೂ ಅಲ್ಲ, ಇದರದೂ ಅಲ್ಲ, ಮೂರನೇದು. ನಾವು ಕೂದಲೆಳಿಯಷ್ಟು ಸಣ್ಣ ತುಣುಕು ತಗೋತೀವಿ. ಅದರೊಳಗ ನೂಲೆಷ್ಟು, ರೆಸಿನ್ ಎಷ್ಟು, ನಡುವ ಕಣ್ಣಿಗೆ ಕಾಣದ ಬಿರುಕು ಎಷ್ಟು ಅಂತ ಎಣಿಸಿ, ಇಡೀ ರೆಕ್ಕಿಯ ಬಿಗಿ ಎಷ್ಟು ಉಳದೈತಿ ಅಂತ ಲೆಕ್ಕ ಹಾಕ್ತೀವಿ. ಒಳಗ ಸಾವಿರ ಬಿರುಕು ಬಿಟ್ಟ ಮ್ಯಾಲೂ ವಸ್ತು ನಿಂತಿರತೈತಿ. ಸ್ವಲ್ಪ ಜಾಸ್ತಿ ಬಾಗತೈತಿ, ಅಷ್ಟ. ಹೊರಗಿನವರಿಗೆ ಏನೂ ಕಾಣೂದಿಲ್ಲ.

ತುಣುಕು ಕೈಯಾಗ ಇಲ್ಲದ ಏನು ಹೇಳಿದ್ರೂ ಅದು ಸಮಾಧಾನದ ಮಾತಾಗತೈತಿ. ನಿನಗ ಅದು ಬೇಕಿಲ್ಲ ಅಂತ ನಿನ್ನ ಪತ್ರ ಓದಿದ್ರ ಗೊತ್ತಾಗತೈತಿ. ಮುರದ ರೆಕ್ಕಿ ಇನ್ನೂ ಅಲ್ಲೇ ಬಿದ್ದಿದ್ರ, ಮೂರು ತುಣುಕು ಬೇಕು: ತ್ಯಾಪಿ ನಡುವಿಂದ ಒಂದು, ತ್ಯಾಪಿಯ ಅಂಚಿಂದ ಒಂದು, ದೂರದ ಹಳೇ ಭಾಗದಿಂದ ಒಂದು. ಒಂದೊಂದೂ ಹುಡುಗರು ಬರಿಯೋ ಪಾಟಿಯಷ್ಟು ಅಗಲ ಇರಲಿ. ಆದ್ರ ಇದರ ಮ್ಯಾಲೆ ಕೋರ್ಟು ಕಚೇರಿ ನಡಿಯೂದಿಲ್ಲ, ಅದು ತಿಳಿದಿರಲಿ. ನೀನೂ ನಾನೂ ತಿಳಕೊಳ್ಳಾಕ ಅಷ್ಟ.

ಮತ್ತ, ಉತ್ತರ ನೀ ಬಯಸಿದ್ದ ಬರತೈತಿ ಅಂತ ಇಲ್ಲ. ಆದ್ರೂ ಕಳಸ್ತೀಯೇನು?

ನಿನ್ನ
ನೇತ್ರಾ

ಬೆಟಗೇರಿ
10 ಜುಲೈ 2024

ನೇತ್ರಾ,

ಪಾರ್ಸಲ್ ಹಾಕೀನಿ. ಮೂರು ತುಣುಕಿಗೂ ಬ್ಯಾರೆ ಬ್ಯಾರೆ ಬಣ್ಣದ ದಾರ ಕಟ್ಟೀನಿ. ಬಿಳೇದು ನಡುವಿಂದು, ಕೆಂಪು ಅಂಚಿಂದು, ಹಸರು ದೂರದ್ದು.

ನಮ್ಮ ಓಣಿ ಕರೀಮಸಾಬರು ಟಂಟಂ ಆಟೋ ಹೊಡೀತಾರ, ಅವರ ಜೋಡಿ ಹೋಗಿದ್ದೆ. ಅಂಗನವಾಡಿ ಮೀಟಿಂಗ್ ಐತಿ ಅಂತ ಮನ್ಯಾಗ ಹೇಳಿ, ಇವರ ಗರಗಸ ಚೀಲದಾಗ ಹಾಕ್ಕೊಂಡು ಹೋದೆ. ರೆಕ್ಕಿ ಇಳಕಲಿನ್ಯಾಗ ಹಂಗ ಬಿದ್ದೈತಿ. ಇಷ್ಟು ದೊಡ್ಡದು ಅಂತ ನನಗ ಗೊತ್ತಿದ್ದಿಲ್ಲ, ದೂರದಿಂದ ಅವು ಹುಡುಗರ ಆಟಿಗಿ ಸಾಮಾನಿನಂಗ ಕಾಣ್ತಾವ. ಅದರ ನೆರಳಿಗೆ ಕುರಿ ಮಲಗಿದ್ವು. ಕುರಿಯವರು ಅಲ್ಲಲ್ಲೆ ಕೊಯ್ದು ಮರಿ ಗೂಡಿಗೆ ಮುಚ್ಚಾಕ ಒಯ್ದಾರ.

ಈಗ ಬ್ಯಾರೆ ಕಾವಲಗಾರ ಬಂದಾರ. ಫ್ಯಾನ್‌ದಿಂದ ಬಾಳ ದೂರ, ರಸ್ತೆ ದಂಡಿಗೆ ಕುರ್ಚಿ ಹಾಕ್ಕೊಂಡು ಕುಂತಿದ್ರು.

“ಏನವಾ, ಯಾಕ ಕೊಯ್ಯಾಕತ್ತೀ?” ಅಂತ ಅಲ್ಲಿಂದಾನ ಒದರಿದ್ರು.

“ಕೋಳಿ ಗೂಡಿಗೆರೀ.”

“ಒಯ್ಯಿ ಒಯ್ಯಿ. ಎಲ್ಲಾರೂ ಒಯ್ದಾರ.”

ತ್ಯಾಪಿ ಹುಡುಕೋದು ಕಷ್ಟ ಆಗಲಿಲ್ಲ. ಉಳದಿದ್ದಕ್ಕಿಂತ ಒಂದೀಟು ಜಾಸ್ತಿ ಬೆಳ್ಳಗೈತಿ. ಇವರು ಹಗ್ಗದ ಮ್ಯಾಲೆ ತೂಗ್ಯಾಡಕೋತ ಹಚ್ಚಿದ್ದು ಇದ ಅಂತ ನೋಡಿದೆ. ಈಗರೆ ಅಳು ಬರಬಹುದು ಅಂದುಕೊಂಡೆ. ಬರಲಿಲ್ಲ. ಪಾಟಿಯಷ್ಟು ಗೆರಿ ಹೊಡದು ಕೊಯ್ದೆ.

ಮನಿಗೆ ಬಂದ ಮ್ಯಾಲೆ ಕೈ ತುಂಬ ತುರಿಕಿ ಹತ್ತಿತು. ಗಾಜಿನ ಪುಡಿಯಂತ, ನನಗೇನು ಗೊತ್ತು? ಒಲಿ ಮ್ಯಾಲೆ ನೀರು ಇಟ್ಟು ಕೈ ಕೆರಕೋತ ನಿಂತಿದ್ದೆ. ಇವರು ಕುಂತಲ್ಲಿಂದ ನೋಡಾಕತ್ತಿದ್ರು.

“ಬಿಸಿನೀರು ಹಾಕಬ್ಯಾಡ. ತಣ್ಣೀರಿಲೆ ತೊಳಿ. ತಿಕ್ಕಬ್ಯಾಡ, ಸುಮ್ಮನ ನೀರು ಬಿಡು” ಅಂದ್ರು.

ಅಪಘಾತ ಆದ ಮ್ಯಾಲೆ ಇವರು ತಾವಾಗೇ ಆಡಿದ ಮಾತು ಅದ ಮದಲು. ನಾ ಎಲ್ಲಿಗೆ ಹೋಗಿದ್ದೆ ಅಂತ ಅವರಿಗೆ ತಿಳೀತು. ಯಾಕ ಅಂತ ಕೇಳಲಿಲ್ಲ. ಎದ್ದು ಬಂದು ತಾವ ಚರಗಿಲೆ ನೀರು ಬಿಟ್ರು.

ನೀ ಕೇಳಿದ್ಯಲ್ಲ, ಅಂದಾನಪ್ಪನವರ ಹೇಣ್ತಿ ಒಬ್ಬಾಕಿ ಅದಾಳ. ಉಡಚವ್ವ ಅಂತ. ಮಕ್ಕಳಿಲ್ಲ.

ನೀ ಊರಿಗೆ ಬಂದು ನಾಕು ವರ್ಷ ಆತು ಅಂತ ನಿಮ್ಮ ಅವ್ವ ಅಂದ್ರು. ನನಗ್ಯಾಕ ಹೇಳಿದ್ರೋ ಗೊತ್ತಿಲ್ಲ.

ನಿನ್ನ
ಶಾಹಿಸ್ತಾ

ಚೆನ್ನೈ
4 ಆಗಸ್ಟ್ 2024

ಪ್ರೀತಿಯ ಶಾಹಿಸ್ತಾ,

ನಿನ್ನ ತುಣುಕುಗಳನ್ನ ಸಣ್ಣ ಪಟ್ಟಿ ಮಾಡಿ ಕೊಯ್ದು, ತಿಕ್ಕಿ ನುಣ್ಣಗ ಮಾಡಿ, ಸೂಕ್ಷ್ಮದರ್ಶಕದಾಗ ನೋಡಿದೆ. ಆಮ್ಯಾಲೆ ಮಷಿನಿನ್ಯಾಗ ಹಿಡದು ಜಗ್ಗಿದೆ. ಎಷ್ಟು ಜಗ್ಗಿದ್ರ ಎಷ್ಟು ಹಿಗ್ಗತೈತಿ ಅಂತ ಬರಕೊಂಡು ಲೆಕ್ಕಕ್ಕ ಹಾಕಿದೆ. ಎರಡು ಸಲ ಮಾಡಿದೆ. ನನ್ನ ವಿದ್ಯಾರ್ಥಿನಿ ಐಶ್ವರ್ಯಾ, ಇದು ಎಲ್ಲಿಂದು, ಯಾರದು ಅಂತ ಗೊತ್ತಿಲ್ಲದ ಮತ್ತೊಂದು ಸಲ ಮಾಡಿದಳು.

ಬಿಳೇ ದಾರದ್ದು: ತ್ಯಾಪಿ ಚಲೋ ಐತಿ. ರೆಸಿನ್ ಪ್ರತಿ ನೂಲಿನ ಸುತ್ತ ಇಳದೈತಿ, ಗಾಳಿ ಗುಳ್ಳಿ ಇಲ್ಲ ಅನ್ನೋವಷ್ಟು ಕಡಿಮಿ. ಹಗ್ಗದ ಮ್ಯಾಲೆ ನಿಂತು ಇಷ್ಟು ಸ್ವಚ್ಛ ಕೆಲಸ ಮಾಡ್ಯಾರಂದ್ರ ನನಗ ನಂಬಾಕ ಆಗಲಿಲ್ಲ. ರಫೀಕಭಾಯಿ ಹಚ್ಚಿದ್ದು ಹರದಿಲ್ಲ. ಇದನ್ನ ನಾ ಯಾರ ಮುಂದ ಬೇಕಾದ್ರೂ ಹೇಳ್ತೀನಿ.

ಇಷ್ಟು ಒಂದನೇ ಹಾಳಿ. ಎರಡನೇ ಹಾಳಿ ಬರೀಬೇಕೋ ಬ್ಯಾಡೋ ಅಂತ ಬಾಳ ವಿಚಾರ ಮಾಡಿದೆ.

ಕೆಂಪು ದಾರದ್ದು. ತ್ಯಾಪಿಗೆ ಹತ್ತಿದ ಹಳೇ ಭಾಗದೊಳಗ ನೂಲಿನ ಸುತ್ತ ಎಲ್ಲಾ ಕಡೆ ಬಿರುಕು. ಮ್ಯಾಲೆ ಪೇಂಟ್ ಇರೋದಕ್ಕ ಕಾಣೂದಿಲ್ಲ. ಅದರ ಬಿಗಿ ಹಸರು ದಾರದ್ದಕ್ಕಿಂತ ಕಾಲುಭಾಗ ಕಡಿಮಿ ಆಗೈತಿ. ಜಗ್ಗಿ ನೋಡಿದ್ದೂ ಹಂಗ ಹೇಳತೈತಿ, ಬಿರುಕು ಎಣಿಸಿ ಮಾಡಿದ ಲೆಕ್ಕನೂ ಹಂಗ ಹೇಳತೈತಿ. ವರ್ಷಾನುಗಟ್ಟಲೆ ಗಾಳಿಗೆ ಬಾಗಿ ಬಾಗಿ ಆದದ್ದು. ಅಲ್ಲೇ ಮುರದೈತಿ. ತ್ಯಾಪಿಯ ಅಂಚಿಗೆ ಸರಿಯಾಗಿ.

ಯಾಕ ಅಂಚಿಗೆ ಅಂದ್ರ, ಬಿಗಿ ಇದ್ದದ್ದೂ ಸಡಿಲ ಇದ್ದದ್ದೂ ಎಲ್ಲಿ ಕೂಡ್ತಾವೋ ಅಲ್ಲೇ ಜಗ್ಗಾಟ ಸೇರತೈತಿ. ಜೀರ್ಣ ಆದ ಅಂಗಿಗೆ ದಪ್ಪ ಬಟ್ಟಿ ಹಚ್ಚಿದ್ರ ಹೊಲಿಗಿ ಬಾಜೂಕ ಹರಿಯೂದಿಲ್ಲೇನು? ತ್ಯಾಪಿ ಹಚ್ಚದಿದ್ರ ಆ ರೆಕ್ಕಿ ಇನ್ನೂ ಕೆಲ ದಿನ ಇರ್ತಿತ್ತೋ, ಇನ್ನೂ ಜಲ್ದಿ ಬೀಳ್ತಿತ್ತೋ, ನನ್ನ ಲೆಕ್ಕ ಅದನ್ನ ಹೇಳೂದಿಲ್ಲ. ಯಾವ ಲೆಕ್ಕಾನೂ ಹೇಳೂದಿಲ್ಲ. ಆ ರೆಕ್ಕಿ ಇಳಿಸಿ ಬ್ಯಾರೆ ಹಾಕಬೇಕಿತ್ತು, ಇಷ್ಟು ಹೇಳಬಹುದು. ಅದು ರಫೀಕಭಾಯಿ ಕೈಯಾಗ ಇದ್ದಿಲ್ಲ.

ನಿನಗ ಒಂದನೇ ಹಾಳಿ ಸಾಕು ಅನಿಸಿದ್ರ ಅದನ್ನಷ್ಟ ಓದಿ ತೋರಸು. ಆದ್ರ ಒಂದು ಕೇಳಬೇಕಾಗೈತಿ. ಇದ ವಯಸ್ಸಿನ ರೆಕ್ಕಿಗೆ, ಇದ ನಮೂನಿ ತ್ಯಾಪಿ ಹಚ್ಚಿದ್ದು ಇನ್ನೂ ಅದಾವೇನು? ಇದ್ರ, ಅವು ತಿರುಗಾಕತ್ತಾವೇನು?

ನಿನ್ನ
ನೇತ್ರಾ

ಬೆಟಗೇರಿ
12 ಆಗಸ್ಟ್ 2024

ನೇತ್ರಾ,

ಒಂದನೇ ಹಾಳಿ ಅಷ್ಟ ಓದಬೇಕು ಅಂತಾನ ಮಾಡಿದ್ದೆ. ಎರಡನೇದನ್ನ ಮಡಚಿ ಕುಬಸದಾಗ ಇಟ್ಟಿದ್ದೆ.

ಚಾ ಕುಡಿಯೋ ಹೊತ್ತಿಗೆ ಬಾಜೂಕ ಕುಂತು ಓದಿದೆ. ಪೂರಾ ಕೇಳಿದ್ರು. “ಹರದಿಲ್ಲಂತ” ಅಂದೆ. ಅತ್ತಿ ದೇವರ ಹೆಸರು ತಗೊಂಡು ಅಳಾಕ ಹತ್ತಿದ್ರು. ಇವರ ಮುಖದಾಗ ಏನೂ ಬದಲಾಗಲಿಲ್ಲ.

“ಮತ್ತ ಎಲ್ಲಿ ಹರದೈತಿ?” ಅಂತ ಕೇಳಿದ್ರು.

ನನ್ನ ಕೈ ಕುಬಸದ ಕಡೆ ಹೋತು. ಕೈ ಮುಂದ ಮಾಡಿದ್ರು. ಏನು ಮಾಡಲಿ, ಕೊಟ್ಟೆ. ತಾವ ಓದಿದ್ರು, ಬೊಟ್ಟು ಇಟ್ಟು, ನಿಧಾನಕ್ಕ. ಕಡೀ ಸಾಲಿಗೆ ಬಂದು ನಿಂತ್ರು.

“ಇನ್ನೂ ನಾಕು ಅದಾವ. ಹರ್ತಿ ಮ್ಯಾಗಿನ ಸಾಲಿನ್ಯಾಗ. ಎಲ್ಲಾ ನಾನ ಹಚ್ಚೀನಿ. ತಿರುಗಾಕತ್ತಾವ.”

ಮರುದಿನ ಅಂಗಿ ಹಾಕ್ಕೊಂಡು ಗದಗಿಗೆ ಕಂಪನಿ ಆಫೀಸಿಗೆ ಹೋದ್ರು. ನಾನೂ ಬೆನ್ನು ಹತ್ತಿದೆ. ಎಂಜಿನಿಯರ್ ಸಿದ್ದಲಿಂಗೇಶ ಅಂತ, ಇವರಿಗಿಂತ ಸಣ್ಣವರು. ಕುಂಡ್ರಸಿ ನೀರು ಕೊಟ್ರು. ನಿನ್ನ ಪತ್ರ ಓದಿದ್ರು.

“ರಫೀಕ, ಇದು ಗಾಳಿ ಸೀಜನ್. ಈಗ ನಾಕು ಬಂದ್ ಮಾಡ್ರಿ ಅಂದ್ರ ಮ್ಯಾಲಿನವರು ನನ್ನ ಮಾತು ಕೇಳ್ತಾರೇನು? ಅದೂ ಒಂದು ಖಾಸಗಿ ಪತ್ರ ತೋರಿಸಿ?”

“ಹೇಳಿ ನೋಡ್ರಿ ಸರ್.”

“ಹೇಳ್ತೀನಿ. ಆದ್ರ ನೀ ಈಗ ನಮ್ಮ ಕಡೆ ಕೆಲಸಕ್ಕಿಲ್ಲ. ಅದೂ ತಿಳ್ಕೊ.”

ಕೆಟ್ಟ ಮನಶ್ಯಾ ಅಲ್ಲ ಅವರು. ಬಾಗಲತನಕ ಬಂದು ಕಳಿಸಿದ್ರು.

ಗಾಳಿ ಜೋರೈತಿ ನೇತ್ರಾ. ನಮ್ಮ ಓಣ್ಯಾಗ ಕಿಟಕಿ ಬಡ್ಕೋತಾವ. ಒಂದೊಂದು ಸಲಾನೂ ಇವರು ತಲಿ ಎತ್ತತಾರ.

ಶಾಹಿಸ್ತಾ

ಚೆನ್ನೈ
18 ಆಗಸ್ಟ್ 2024

ಶಾಹಿಸ್ತಾ,

ನನ್ನ ಹೆಸರು, ಹುದ್ದೆ ಹಾಕಿ, ಸಹಿ ಮಾಡಿ ವರದಿ ಬರದೀನಿ. ಫೋಟೋ, ಲೆಕ್ಕ ಎಲ್ಲಾ ಇಟ್ಟೀನಿ. ಕಂಪನಿಯ ಮುಖ್ಯ ಆಫೀಸಿಗೂ, ಜಿಲ್ಲಾ ಆಡಳಿತಕ್ಕೂ ಕಳಿಸೀನಿ. ಇದರ ಜೋಡಿ ನಿನಗೂ ಒಂದು ಪ್ರತಿ ಐತಿ. ಹಿಂಗ ಮಾಡಬಾರದಿತ್ತು ಅಂತ ನಮ್ಮ ವಿಭಾಗದಾಗ ಒಬ್ಬಿಬ್ಬರು ಅಂದ್ರು, ನಮ್ಮ ಲ್ಯಾಬು ಇಂಥಾ ಕಂಪನಿಗಳ ಜೋಡಿನ ಕೆಲಸ ಮಾಡತೈತಿ. ಅದಿರಲಿ.

ಉತ್ತರ ಬರಾಕ ಎಷ್ಟು ದಿನ ಹಿಡೀತೈತೋ ಗೊತ್ತಿಲ್ಲ. ಅಲ್ಲೀತನಕ ಆ ನಾಕು ಕಂಬದ ಕೆಳಗ ಯಾರೂ ಹೋಗದಂಗ ಮಾಡಾಕ ಬರ್ತೈತೇನು? ಕುರಿಯವರಿಗೆ, ಹರ್ತಿ ಮಂದಿಗೆ ಹೇಳ್ರಿ. ಬಾಕಿ ಕಾಗದದ ಕೆಲಸ ನಾ ನೋಡ್ಕೋತೀನಿ.

ನೇತ್ರಾ

ಚೆನ್ನೈ
8 ಸೆಪ್ಟೆಂಬರ್ 2024

ಶಾಹಿಸ್ತಾ,

ಮೊನ್ನೆ ನಿನ್ನ ಫೋನ್ ಬಂದಾಗ ಕ್ಲಾಸಿನ್ಯಾಗಿದ್ದೆ, ಸರಿ ಮಾತಾಡಾಕ ಆಗಲಿಲ್ಲ. ರಫೀಕಭಾಯಿ ಹರ್ತಿಗೆ ಹೋಗಿ ಹೇಳಿದ ಮ್ಯಾಲೆ ಅಲ್ಲಿ ಮಂದಿ ಎರಡು ದಿನ ರಸ್ತೆದಾಗ ಕುಂತು ನಾಕೂ ಬಂದ್ ಮಾಡಿಸಿದ್ರು, ಮುಂದ ಕುಂತಾಕಿ ಉಡಚವ್ವ ಅಂತ ಅಂದಿ. ಅಲ್ಲಿಂದ ಅದ ವಿಚಾರ ತಲ್ಯಾಗೈತಿ. ಕಂಪನಿ ಒಪ್ಪಲಿಲ್ಲ, ಎಂಜಿನಿಯರ್ ಒಪ್ಪಲಿಲ್ಲ. ಗಂಡನ್ನ ಕಳಕೊಂಡಾಕಿ ರಫೀಕಭಾಯಿ ಮಾತು ಹೆಂಗ ನಂಬಿದ್ಲು? ನೀ ಜೋಡಿ ಹೋಗಿದ್ದಿಯೇನು?

ದಸರಾ ರಜಾಕ್ಕ ಊರಿಗೆ ಬರಬೇಕು ಅನಕೊಂಡೀನಿ. ಅವ್ವಗ ಇನ್ನೂ ಹೇಳಿಲ್ಲ.

ನಿನ್ನ
ನೇತ್ರಾ

ಬೆಟಗೇರಿ
25 ಸೆಪ್ಟೆಂಬರ್ 2024

ನೇತ್ರಾ ಅಕ್ಕಾರಿಗೆ ರಫೀಕ ಮಾಡುವ ಸಲಾಮ.

ನಿಮ್ಮ ಪತ್ರ ಶಾಹಿಸ್ತಾ ನನ್ನ ಕೈಯಾಗ ಕೊಟ್ಟು, ಇದಕ್ಕ ನೀವ ಉತ್ತರ ಬರೀರಿ, ನನಗ ಗೊತ್ತಿಲ್ಲ ಅಂದ್ಲು. ನಾ ಪತ್ರ ಬರದು ರೂಢಿ ಇಲ್ಲ. ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ.

ಮದಲ ಸುದ್ದಿ ಹೇಳ್ತೀನಿ. ಹೋದ ವಾರ ಹೊರಗಿನಿಂದ ಪರೀಕ್ಷಾ ಮಾಡೋರು ಬಂದಿದ್ರು. ನಿಮ್ಮ ವರದಿ ಅವರ ಕೈಯಾಗ ಇತ್ತು. ಯಾವ್ಯಾವ ಜಾಗಾ ಅಂತ ತೋರಸಾಕ ನನ್ನ ಕರಿಸಿದ್ರು. ನಾಕರೊಳಗ ಎರಡು ಕೆಟ್ಟಾವ. ತ್ಯಾಪಿ ಗಟ್ಟಿ ಅದಾವ, ಅಂಚಿಗೆ ಒಳಗ ಬಿರುಕು ಐತಿ. ನೀವು ಬರದಂಗ. ಆ ಎರಡೂ ರೆಕ್ಕಿ ಇಳಸ್ತಾರಂತ. ಮದಲ ನನ್ನ ಮ್ಯಾಲೆ ಹಾಕಿದ ಮಾತು ತಪ್ಪಿತ್ತು ಅಂತ ಯಾರೂ ಅನ್ನಲಿಲ್ಲ. ಸಿದ್ದಲಿಂಗೇಶ ಸರ್ ಒಂದನೇ ತಾರೀಖಿಗೆ ಕೆಲಸಕ್ಕ ಬಾ ಅಂದ್ರು. ನಾ ಇನ್ನೂ ಏನೂ ಹೇಳಿಲ್ಲ. ಹಗ್ಗ ಹಿಡೀತೈತೋ ಇಲ್ಲೋ ಕೈ, ಗೊತ್ತಿಲ್ಲ.

ನೀವು ಕೇಳಿದ್ದು ಉಡಚವ್ವಾರ ಮಾತು. ಹರ್ತಿಗೆ ನಾ ಒಬ್ಬನ ಹೋಗಿದ್ದೆ. ಅಲ್ಲಿ ಏನಾತು ಅಂತ ಶಾಹಿಸ್ತಾಗ ಹೇಳಾಕ ಆಗಿದ್ದಿಲ್ಲ. ಈಗ ಬರದ ಮ್ಯಾಲೆ ಓದ್ತಾಳ.

ಆಗಸ್ಟ್ ಕಡೀಕ ಹೋಗಿದ್ದೆ. ಅವರು ಮನಿ ಕಟ್ಟಿ ಮ್ಯಾಲೆ ಹೆಸರುಕಾಯಿ ಬಿಡಿಸಿಕೋತ ಕುಂತಿದ್ರು. ನನ್ನ ಗುರುತು ಹಿಡದ್ರು. ಕುಂಡ್ರು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಿಂತ ಹೇಳಿದೆ.

“ಯವ್ವಾ, ನಾ ಹಚ್ಚಿದ ತ್ಯಾಪಿ ಹರದಿಲ್ಲಂತ. ಅದರ ಅಂಚಿಗೆ ಮುರದೈತಿ. ನಾ ಹಚ್ಚದ ಬಿಟ್ಟಿದ್ರ ಏನಾಗತಿತ್ತು ಅನ್ನೋದು ಯಾರಿಗೂ ಗೊತ್ತಿಲ್ಲ. ಅಂಥಾವು ಇನ್ನೂ ನಾಕು ನಿಮ್ಮೂರ ಮ್ಯಾಲೆ ತಿರುಗಾಕತ್ತಾವ. ಕಂಪನಿಯವರು ಬಂದ್ ಮಾಡವಲ್ರು. ಕೆಳಗ ಯಾರೂ ಹೋಗದಂಗ ಊರಾಗ ನೀವು ಹೇಳಬೇಕು. ನಾ ಹೇಳಿದ್ರ ಯಾರೂ ಕೇಳೂದಿಲ್ಲ.”

ಅವರು ಕಾಯಿ ಬಿಡಸೋದು ನಿಲ್ಲಸಲಿಲ್ಲ. ಕೇಳಿಸ್ತೋ ಇಲ್ಲೋ ಅಂತ ನನಗ ಅನುಮಾನ ಬಂತು.

“ಅವತ್ತು ನೀ ಅಲ್ಲೇ ಇದ್ದೇನಪಾ?” ಅಂದ್ರು.

“ಬಾಜೂ ಕಂಬದಾಗಿದ್ದೆ. ಸಪ್ಪಳಕ್ಕ ಓಡಿ ಬಂದೆ.”

“ನಮ್ಮವರು ಉಂಡಿದ್ರೇನು?”

ಅಕ್ಕಾರ, ಅಂದಾನಪ್ಪನವರ ಬುತ್ತಿ ಡಬ್ಬಿ ಬೇವಿನ ಗಿಡದ ಬುಡಕ್ಕಿತ್ತು. ಮುಚ್ಚಿತ್ತು. ಪೊಲೀಸರು ಬಂದಾಗ ನಾನ ಎತ್ತಿ ಅವರ ಕೈಯಾಗ ಕೊಟ್ಟಿದ್ದೆ. ಭಾರ ಇತ್ತು. ಆ ಭಾರ ನನ್ನ ಕೈಯಾಗ ಇನ್ನೂ ಐತಿ. ಉಂಡಿದ್ರು ಅಂದ್ರ ಆ ತಾಯಿಗೆ ಒಂದೀಟು ಸಮಾಧಾನ ಆಗತಿತ್ತು. ಬಾಯಿತನಕ ಬಂತು. ಆದ್ರ ಆಗಷ್ಟ ಅಂಚಿನ ಮಾತು ಹೇಳಿದ್ದೆ. ಅದನ್ನ ಖರೆ ಹೇಳಿ ಇದನ್ನ ಸುಳ್ಳು ಹೇಳಾಕ ನನಗ ಆಗಲಿಲ್ಲ.

“ಇಲ್ಲ ಯವ್ವಾ. ಉಂಡಿದ್ದಿಲ್ಲ.”

ಅವರ ಕೈ ನಿಂತ್ವು.

“ಡಬ್ಬಿ ನನ್ನ ಕಡೇನ ಬಂತು ತಮ್ಮಾ” ಅಂದ್ರು. “ಬಿಚ್ಚಿ ನೋಡೀನಿ. ಎರಡು ರೊಟ್ಟಿ, ಬದನೀಕಾಯಿ ಪಲ್ಯಾ, ಕಟ್ಟಿ ಕೊಟ್ಟಂಗ ಇತ್ತು. ಕಂಪನಿಯವರು ಬಂದು, ಹೊಟ್ಟಿ ತುಂಬ ಉಂಡಿದ್ರಬೇ ಅಂದ್ರು. ಪೊಲೀಸರೂ ಹಂಗ ಅಂದ್ರು. ನನ್ನ ಮೈದುನನೂ ಹಂಗ ಅಂದ. ಬಂದವರೆಲ್ಲಾ ಉಂಡಿದ್ರು, ಉಂಡಿದ್ರು ಅಂದ್ರು.”

ಹೆಸರುಕಾಯಿ ಮೊರದಾಗ ಬಳಕೊಂಡು ಒಳಗ ಇಟ್ಟು ಬಂದ್ರು. ಚಪ್ಪಲಿ ಮೆಟ್ಟಿದ್ರು. ಬಾಗಲಾ ಮುಂದ ಮಾಡಿ ಚಿಲಕ ಹಾಕಿದ್ರು.

“ನಡಿ. ಆ ನಾಕು ಯಾವಾವು, ತೋರಸು” ಅಂದ್ರು.

ಇಂತಿ,
ರಫೀಕ